ಕೆಗ್ಗಿನ ಬಾಯಿಗೆ ಮೂಗಿಟ್ಟ ದಿನ

ಕೆಗ್ಗೇ ಸರಿಯಿರಲಿಲ್ಲ ಎಂದು ಮನೆಯಲ್ಲಿ ಈಗಲೂ ಹೇಳುತ್ತಾರೆ. ಅದು ನನ್ನ ಮರ್ಯಾದೆ ಉಳಿಸಲಿಕ್ಕೆ ಹೇಳುವ ಮಾತು. ನಡೆದದ್ದು ಇಷ್ಟು: ನನ್ನ ಮೂಗಿಗೆ ವಾಸನೆ ಹತ್ತುತ್ತಿರಲಿಲ್ಲ. ಹತ್ತುತ್ತದೆ ಎಂದು ಸುಳ್ಳು ಹೇಳಿದೆ. ಆ ಸುಳ್ಳನ್ನು ನಂಬಿದ ನನ್ನ ಮೊಮ್ಮಗಳು ಕೈಯಾರೆ ಮಾಡಿದ ಒಂದು ಕೆಗ್ಗು ಡಬ್ಬದಷ್ಟು ಶುಂಠಿ ಬಿಯರನ್ನು ಮೋರಿಗೆ ಸುರಿಯಬೇಕಾಯಿತು. ಸುಳ್ಳು ಯಾಕೆ ಹೇಳಿದೆ ಅಂದರೆ ಒಲೆಗೋಸ್ಕರ.

ನಾನಿರುವುದು ಚಿಕ್ಕಲಸಂದ್ರದಲ್ಲಿ, ಮಗಳ ಮನೆಯಲ್ಲಿ. ಮಗಳು ಅಳಿಯ ಇಬ್ಬರೂ ಆಫೀಸಿಗೆ ಹೋಗುವವರು. ಅವರ ಒಬ್ಬಳೇ ಮಗಳು ಜಯನಗರದಲ್ಲಿ ಹಲ್ಲಿನ ಡಾಕ್ಟರ ಹತ್ತಿರ ಕೆಲಸಕ್ಕಿದ್ದಾಳೆ. ಅಡುಗೆಮನೆ ನನ್ನದು. ಬೆಳಿಗ್ಗೆ ಐದಕ್ಕೆ ಎದ್ದು ನಾನು ಒಲೆ ಹಚ್ಚಿದ ಮೇಲೆ ಆ ಮನೆ ಏಳುತ್ತಿತ್ತು. ನಾಲ್ಕನೇ ಕ್ಲಾಸಿಗೆ ನನ್ನನ್ನು ಸ್ಕೂಲು ಬಿಡಿಸಿದ್ದರಿಂದ ಓದಿ ಹೊತ್ತು ಕಳೆಯುವ ಅಭ್ಯಾಸವಿಲ್ಲ. ಟೀವಿ ಮುಂದೆ ಕೂತರೆ ನಿದ್ದೆ ಬರುತ್ತದೆ. ದೇವಸ್ಥಾನದ ಕಟ್ಟೆಯಲ್ಲಿ ಕೂತು ಸೊಸೆಯನ್ನು ಬಯ್ಯೋಣ ಅಂದರೆ ಸೊಸೆಯಿಲ್ಲ. ಒಲೆ ಬಿಟ್ಟರೆ ನನಗೆ ಬೇರೆ ದಿನವೇ ಇಲ್ಲ.

ಊರಿಗೆಲ್ಲ ಬಂದ ಆ ಜ್ವರ ನಮ್ಮ ಮನೆಗೂ ಬಂತು. ನಾಲ್ಕು ಜನಕ್ಕೂ ವಾಸನೆ ಹೋಯಿತು. ಮೂವರಿಗೆ ಹದಿನೈದು ದಿನದಲ್ಲಿ ವಾಪಸು ಬಂತು, ನನಗೆ ಬರಲಿಲ್ಲ. ಮಗಳು ಖಡಾಖಂಡಿತವಾಗಿ ಹೇಳಿದಳು:

"ವಾಸ್ನೆ ಬರೋವರ್ಗೂ ನೀನು ಗ್ಯಾಸ್ ಹತ್ರ ಹೋಗ್ಬೇಡಮ್ಮ. ಲೀಕಾದ್ರೆ ಗೊತ್ತಾಗಲ್ಲ. ಆಮೇಲೆ ಏನ್ ಗತಿ?"

ಅವಳು ಹೇಳಿದ್ದರಲ್ಲಿ ತಪ್ಪೇನಿರಲಿಲ್ಲ. ಅಂಗಡಿಯಿಂದ ಕವರಿನ ಹಿಟ್ಟು ಬಂತು, ದೋಸೆ ಅಂತ ಅದನ್ನೇ ಹುಯ್ದರು. ನಾನು ಬಾಲ್ಕನಿಯ ಕುರ್ಚಿಯಲ್ಲಿ ಕೂತೆ. ಬೀದಿಯಲ್ಲಿ ತರಕಾರಿ ಗಾಡಿ ಹೋಗುತ್ತಿತ್ತು, ಹಾಲಿನ ಗಾಡಿ ಹೋಗುತ್ತಿತ್ತು, ಬಿಸಿಲು ಎದುರುಮನೆಯ ಗೋಡೆಯ ಮೇಲೆ ಹತ್ತಿ ಇಳಿಯುತ್ತಿತ್ತು. ನೀರಿನೊಳಗೆ ಕೂತು ಮೇಲೆ ನೋಡಿದ ಹಾಗೆ ಎಲ್ಲ ಕಾಣುತ್ತಿತ್ತು, ಯಾವುದೂ ನನ್ನವರೆಗೆ ಬರುತ್ತಿರಲಿಲ್ಲ. ನಾಲ್ಕನೇ ವಾರ ಮಗಳು ಇಂಗಿನ ಡಬ್ಬಿ ತಂದು ಮೂಗಿನ ಕೆಳಗೆ ಹಿಡಿದಳು.

"ಬಂತಾ?"

"ಹೂಂ, ಇಂಗು," ಅಂದೆ.

ಹಳದಿ ಡಬ್ಬಿ ಕಣ್ಣಿಗೆ ಕಾಣುತ್ತಿರಲಿಲ್ಲವೇ? ಮರುದಿನ ಒಲೆ ನನ್ನ ಕೈಗೆ ಬಂತು.

ಆಮೇಲೆ ಎರಡು ವರ್ಷ ಕಿವಿಯಲ್ಲಿ ಅಡುಗೆ ಮಾಡಿದೆ. ಸಾಸಿವೆ ಸಿಡಿಯುವುದು ನಿಂತಿತೆಂದರೆ ಬೇಳೆ ಹಾಕುವುದು. ಮೆಂತ್ಯ ಹುರಿಯುವಾಗ ಬಣ್ಣ ನೋಡುವುದು. ಹಾಲಿನ ಮುಂದಿನಿಂದ ಕದಲುವುದೇ ಇಲ್ಲ. ಗ್ಯಾಸಿನ ಗುಬುಟನ್ನು ಮೂರು ಮೂರು ಸಲ ತಿರುವಿ ನೋಡುತ್ತಿದ್ದೆ. ಮಲಗುವ ಮುಂಚೆ ರೆಗ್ಯುಲೇಟರ್ ಆರಿಸುತ್ತಿದ್ದೆ. ಯಾರಿಗೂ ಏನೂ ಗೊತ್ತಾಗಲಿಲ್ಲ. ಸಾರು ಮೊದಲಿನ ಹಾಗೇ ಇದೆ ಎಂದು ಅಳಿಯ ಎರಡು ಸಲ ಹಾಕಿಸಿಕೊಳ್ಳುತ್ತಿದ್ದ. ನನಗೆ ಅದು ಉಪ್ಪು, ಹುಳಿ, ಖಾರ, ಬಿಸಿ. ಅಷ್ಟೆ.

ಆದರೆ ಮಧ್ಯಾಹ್ನದ ನಿದ್ದೆಯಲ್ಲಿ ವಾಸನೆ ಬರುತ್ತಿತ್ತು. ಇದನ್ನು ಯಾರಿಗೂ ಹೇಳಿಲ್ಲ. ಕಣ್ಣು ಮುಚ್ಚಿದರೆ ಸಾಕು, ಹುಣಸೆಹಣ್ಣು ಹಚ್ಚಿ ತಿಕ್ಕಿದ ತಾಮ್ರ, ಒದ್ದೆ ಗೋಣಿಚೀಲ, ಕಲಾಯಿ ಹಾಕುವವನ ಇದ್ದಿಲು, ಆರಿದ ಕಡಾಯಿಯ ತಳದ ತುಪ್ಪ. ಒಂದರ ಹಿಂದೊಂದು ಬಂದು ನಿಲ್ಲುತ್ತಿದ್ದವು. ಎಚ್ಚರವಾದರೆ ಏನೂ ಇರುತ್ತಿರಲಿಲ್ಲ. ದಿಂಬಿಗೆ ಮೂಗು ಒತ್ತಿ ನೋಡುತ್ತಿದ್ದೆ. ಗಾಳಿ ಒಳಗೆ ಹೋಗುತ್ತಿತ್ತು, ಹೊರಗೆ ಬರುತ್ತಿತ್ತು.

ಆ ವಾಸನೆಗಳೆಲ್ಲ ನಮ್ಮ ಅಂಗಡಿಯವು. ತ್ಯಾಗರಾಜನಗರದಲ್ಲಿ ನಮ್ಮದೊಂದು ಪಾತ್ರೆ ಬಾಡಿಗೆಯ ಅಂಗಡಿ ಇತ್ತು. ಮದುವೆ, ಮುಂಜಿ, ಗೃಹಪ್ರವೇಶಕ್ಕೆ ಕೊಳದಪ್ಪಲೆ, ಕಡಾಯಿ, ಹಂಡೆ ಎಲ್ಲ ನಮ್ಮಲ್ಲಿಂದ ಹೋಗುತ್ತಿದ್ದವು. ಅದರಲ್ಲಿ ಎರಡು ಜೊತೆ. ಹಿಡಿಗೆ ಬಿಳಿ ಬಣ್ಣ ಬಳಿದದ್ದು ಸಸ್ಯಾಹಾರದ್ದು, ಕೆಂಪು ಬಳಿದದ್ದು ಬಾಡೂಟದ್ದು. ಕೆಲವರು ಬಿಳಿಯದನ್ನು ಒಯ್ದು ಮಾಂಸ ಬೇಯಿಸಿ, ತೊಳೆದು, ಏನೂ ಆಗದವರ ಹಾಗೆ ವಾಪಸು ತರುತ್ತಿದ್ದರು. ಅದನ್ನು ಹಿಡಿಯುವ ಕೆಲಸ ನನ್ನದು. ಪಾತ್ರೆಗೆ ಕುದಿಯುವ ನೀರು ಹುಯ್ದು, ತಟ್ಟೆ ಮುಚ್ಚಿ, ನೂರು ಎಣಿಸಿ, ತಟ್ಟೆಯನ್ನು ಒಂದು ಕಡೆ ಮಾತ್ರ ಎತ್ತಿ ಮೂಗಿಡುವುದು. ಲೋಹ ಬಿಸಿಯಾದರೆ ಒಳಗಿನದನ್ನೆಲ್ಲ ಬಾಯಿಬಿಡುತ್ತದೆ. ನಮ್ಮ ಯಜಮಾನರು ಗಿರಾಕಿಯನ್ನು ಕೂರಿಸಿ, "ತಾಳಿ, ನಮ್ಮನೆಯವರು ನೋಡ್ಲಿ" ಎನ್ನುತ್ತಿದ್ದರು. ಒಬ್ಬಾತ ಸತ್ಯನಾರಾಯಣ ಪೂಜೆಗೆ ಒಯ್ದದ್ದೆಂದು ಆಣೆ ಹಾಕಿದ. ನಾನು ಮೂಸಿ, "ಕುರಿ. ಪುದೀನ ಜಾಸ್ತಿ ಹಾಕಿದೀರ," ಅಂದೆ. ಆತ ಚಪ್ಪಲಿ ಕೂಡ ಸರಿಯಾಗಿ ಹಾಕಿಕೊಳ್ಳದೆ ಹೋದ.

ಯಜಮಾನರು ಹೋದಮೇಲೆ ಅಂಗಡಿ ಮುಚ್ಚಿದೆವು. ಕಥೆ ಮಾತ್ರ ಮನೆಯಲ್ಲಿ ಉಳಿಯಿತು. ಮೊಮ್ಮಗಳು ಅದನ್ನು ಕೇಳಿಕೊಂಡೇ ಬೆಳೆದವಳು.

ಅವಳಿಗೆ ಈ ಶುಂಠಿ ಬಿಯರಿನ ಹುಚ್ಚು ಹೇಗೆ ಹತ್ತಿತೋ ಗೊತ್ತಿಲ್ಲ. ಶುಂಠಿ ಜಜ್ಜಿ, ಬೆಲ್ಲದ ಜೊತೆ ಕುದಿಸಿ, ಆರಿಸಿ, ಈಸ್ಟ್ ಹಾಕಿ, ಡ್ರಮ್ಮಿನಲ್ಲಿ ಹುದುಗು ಬರಲು ಬಿಡುವುದು. ಮೊದಲ ಸಲ ಆ ಹೆಸರು ಕೇಳಿ ಮಗಳು ಹೌಹಾರಿದಳು.

"ಮನೇಲಿ ಬಿಯರ್ ಕಾಯಿಸ್ತೀಯೇನೇ?"

"ಹೆಸರು ಮಾತ್ರ ಬಿಯರ್ ಅಮ್ಮ. ಮಜ್ಜಿಗೆ ಹುಳಿ ಬಂದಂಗೆ, ಅಷ್ಟೇ."

"ಹಂಗಾದ್ರೆ ಮಜ್ಜಿಗೆನೇ ಕುಡಿ."

ನನಗೇನೂ ಅನ್ನಿಸಲಿಲ್ಲ. ಹುದುಗು ಬರುವುದು ಇಡ್ಲಿ ಹಿಟ್ಟಿಗೂ ಒಂದೇ, ಇದಕ್ಕೂ ಒಂದೇ. ಡ್ರಮ್ಮಿಗೆ ಕಿವಿಯಿಟ್ಟರೆ ಒಳಗೆ ಪುಟ್ಟ ಪುಟ್ಟ ಗುಳ್ಳೆಗಳು ಒಡೆಯುವ ಸದ್ದು. ಯಾರೋ ದೂರದಲ್ಲಿ ಪಿಸುಗುಟ್ಟುತ್ತ ಕೂತ ಹಾಗೆ. ಮಧ್ಯಾಹ್ನ ಅವಳು ಕೆಲಸಕ್ಕೆ ಹೋದಾಗ ನಾನು ಅದರ ಪಕ್ಕ ಚಾಪೆ ಹಾಸಿಕೊಂಡು ಮಲಗುತ್ತಿದ್ದೆ. ಮನೆಯಲ್ಲಿ ಇನ್ನೊಂದು ಜೀವ ಉಸಿರಾಡುತ್ತಿದೆ ಅನ್ನಿಸುತ್ತಿತ್ತು.

ಬಾಟಲಿಗೆ ತುಂಬಿಸುವುದು ಅವಳಿಗೆ ಸಾಕಾಯಿತು. ಎರಡು ಬಾಟಲಿ ಒಡೆದು ಸೂರಿಗೆ ಹಾರಿದವು. ಆಗ ಕೆಗ್ಗು ಬೇಕು ಎಂದು ಶುರುಮಾಡಿದಳು. ಕೆಗ್ಗು ಅಂದರೆ ಮೊಣಕಾಲೆತ್ತರದ ಸ್ಟೀಲಿನ ಡಬ್ಬ. ತಲೆಯ ಮೇಲೆ ಒಂದು ಮುಚ್ಚಳ, ಗ್ಯಾಸು ಒಳಗೆ ಹೋಗಲು ಒಂದು ತೂತು, ಪಾನೀಯ ಹೊರಗೆ ಬರಲು ಒಂದು ತೂತು. ಹೊಸದಕ್ಕೆ ಕೈಯಿಡುವ ಹಾಗಿಲ್ಲ, ಹಳೆಯದು ಹುಡುಕಬೇಕು ಅಂದಳು.

"ಅಜ್ಜಿ, ನೀನು ಬರ್ಬೇಕು. ಹಳೇ ಪಾತ್ರೆ ನೋಡಕ್ಕೆ ನಿನ್ ಬಿಟ್ರೆ ಯಾರಿದಾರೆ?"

"ನಂಗೆ ಮಂಡಿ ನೋವು."

"ಆಟೋದಲ್ಲಿ ಹೋಗಣ. ನಿನ್ ಮೂಗು ಬೇಕು ನಂಗೆ."

ಹುಡುಗಿ ಹಾಗೆ ಹೇಳಿದ್ದು ಕೇಳಿ ಹಿಗ್ಗು ಆಯಿತು. ಆ ಹಿಗ್ಗಿನಲ್ಲೇ ಹೊರಟೆ. ಎರಡು ಫ್ಲಾಸ್ಕಿನಲ್ಲಿ ಕುದಿಯುವ ನೀರು ತುಂಬಿಕೊಂಡೆ.

ಗುಜರಿ ಇದ್ದದ್ದು ಬಿಟಿಎಂ ಲೇಔಟಿನ ಆಚೆ ತುದಿಯಲ್ಲಿ. ಮುಚ್ಚಿಹೋದ ಹೋಟೆಲು, ಜಿಮ್ಮು, ಆಸ್ಪತ್ರೆಗಳ ಸಾಮಾನೆಲ್ಲ ಅಲ್ಲಿ ಬಂದು ಬೀಳುತ್ತದೆ. ಫ್ಯಾನುಗಳ ಒಂದು ಗುಡ್ಡ. ತಿರುಗುವ ಕುರ್ಚಿಗಳ ಒಂದು ಗುಡ್ಡ. ಸ್ಟೀಲಿನ ಸಿಂಕುಗಳು ಆಕಾಶಕ್ಕೆ ಬಾಯಿತೆರೆದು ಬಿದ್ದಿದ್ದವು, ಒಂದೊಂದರಲ್ಲೂ ಒಂದೊಂದು ಸೂರ್ಯ. ಬತ್ತಿದ ಕೆರೆಯ ತಳದಲ್ಲಿ ನಡೆಯುತ್ತಿದ್ದೇನೆ, ಮೇಲೆ ಊರು ತನ್ನಷ್ಟಕ್ಕೆ ಓಡಾಡುತ್ತಿದೆ ಅನ್ನಿಸಿತು. ಮೊಮ್ಮಗಳಿಗೆ ಧೂಳು ಆಗಿಬರುವುದಿಲ್ಲ. ಒಳಗೆ ಕಾಲಿಟ್ಟವಳೇ ಸೀನಲು ಶುರುಮಾಡಿದಳು.

ಗುಜರಿಯವನು ಮೊದಲು ತೋರಿಸಿದ್ದು ಗಿಡ್ಡನೆಯ, ಹೊಟ್ಟೆ ಉಬ್ಬಿದ ಕೆಗ್ಗುಗಳನ್ನು.

"ಪಬ್‌ದು ಮೇಡಂ. ಗಟ್ಟಿ ಮಾಲು. ಲಾರಿ ಹತ್ತಿದ್ರೂ ಏನೂ ಆಗಲ್ಲ."

ನಾನು ಕತ್ತಿನ ಸುತ್ತ ಬೆರಳಾಡಿಸಿದೆ. ಉಬ್ಬು ಅಕ್ಷರ ಸಿಕ್ಕಿತು.

"ಏನೇ ಇದು ಬರ್ದಿರೋದು?"

ಮೊಮ್ಮಗಳು ಬಗ್ಗಿ ಓದಿದಳು. "ಕಂಪನಿ ಹೆಸರು ಅಜ್ಜಿ. ಇದು ಕಂಪನಿ ಸೊತ್ತು, ಮಾರೋ ಹಾಗಿಲ್ಲ ಅಂತ ಇದೆ."

"ಹಂಗಾದ್ರೆ ಬೇಡ."

"ಅಯ್ಯೋ ಅಜ್ಜಿ," ಗುಜರಿಯವನು ನಕ್ಕ, "ಕಂಪನಿಯೋರು ನಿಮ್ಮನೆಗೆ ಬಂದು ಕೇಳ್ತಾರಾ?"

"ಕೇಳ್ಲಿ ಬಿಡ್ಲಿ. ಹೆಸರು ಹೊಡ್ಸಿರೋ ಪಾತ್ರೆ ಹೊಡ್ಸಿದೋರ್ದು. ನಮ್ಮಂಗ್ಡಿ ಹಂಡೆ ಹಿಂಗೇ ಎಷ್ಟು ಹೋಯ್ತು ಗೊತ್ತಾ ನಿಂಗೆ?"

"ಹೆಸರು ಇಲ್ದೇ ಇರೋದೂ ಇದೆ, ನೋಡಿ," ಎಂದು ಇನ್ನೊಂದನ್ನು ಉರುಳಿಸಿ ತಂದ. ಕತ್ತಿನ ಹತ್ತಿರ ಮಿಷನ್ನಿನಲ್ಲಿ ಉಜ್ಜಿದ ಗುರುತು, ಕೈಗೆ ತರಿತರಿ ಹತ್ತಿತು.

"ಇದು ಅದಕ್ಕಿಂತ ಕೆಟ್ಟದ್ದು. ಹೆಸರು ಇರೋದು ಮರೆತು ಬಂದಿರಬಹುದು. ಉಜ್ಜಿರೋದು ಗೊತ್ತಿದ್ದೇ ಬಂದಿರೋದು."

"ಅಜ್ಜಿ ಏನು ಪೊಲೀಸಾ ಮೇಡಂ?"

"ಪಾತ್ರೆ ಪೊಲೀಸು," ಅಂದಳು ಮೊಮ್ಮಗಳು, ಮೂಗು ಒರೆಸಿಕೊಳ್ಳುತ್ತ.

ಕೊನೆಗೆ ತಗಡಿನ ಹಿಂದಿನಿಂದ ನಾಲ್ಕು ಉದ್ದನೆಯ ಕೆಗ್ಗು ತಂದಿಟ್ಟ. ಸೋಡಾ, ಕೂಲ್‌ಡ್ರಿಂಕ್ಸ್ ಮಾಡುವ ಹೋಟೆಲಿನವರು ಸಕ್ಕರೆ ಪಾಕ ತುಂಬಿಡುತ್ತಿದ್ದ ಡಬ್ಬಗಳಂತೆ. ಇವುಗಳ ಮೈಮೇಲೆ ಯಾರ ಹೆಸರೂ ಇರಲಿಲ್ಲ. ಮೊಮ್ಮಗಳಿಗೆ ಬೇಕಾದದ್ದೂ ಇದೇ ಜಾತಿ, ಮುಚ್ಚಳ ತೆಗೆದು ಕೈ ಹಾಕಿ ತೊಳೆಯಬಹುದು.

ಇಲ್ಲಿಂದ ನನ್ನ ಕೆಲಸ. ಬೆರಳ ಗೆಣ್ಣಿನಿಂದ ತಟ್ಟಿದೆ. ಒಂದು ಮಂಕಾಗಿ ಸದ್ದು ಮಾಡಿತು, ಎಲ್ಲೋ ಸೀಳಿದೆ ಎಂದು ಪಕ್ಕಕ್ಕಿಟ್ಟೆ. ಇನ್ನೊಂದರ ಹೊಟ್ಟೆಗೇನೂ ಆಗಿರಲಿಲ್ಲ, ಬಾಯಿಯ ಅಂಚು ನಗ್ಗಿತ್ತು. ಹೊಟ್ಟೆ ನಗ್ಗಿದರೆ ನಡೆಯುತ್ತದೆ, ಬಾಯಿ ನಗ್ಗಿದರೆ ಮುಚ್ಚಳ ಕೂರುವುದಿಲ್ಲ. ಅದೂ ಹೋಯಿತು. ಉಳಿದದ್ದು ಎರಡು. ಒಂದು ಮೈತುಂಬ ಗೀರು, ತಳದ ರಬ್ಬರು ಕಿತ್ತು ಹೋಗಿತ್ತು. ಇನ್ನೊಂದು ಮದುಮಗನ ಹಾಗೆ ಹೊಳೆಯುತ್ತಿತ್ತು. ಮೊಬೈಲಿನ ಬೆಳಕು ಬಿಟ್ಟು ಒಳಗೆ ನೋಡಿದೆವು. ಎರಡರ ತಳದಲ್ಲೂ ತುಕ್ಕಿಲ್ಲ. ಎರಡೂ ತಟ್ಟಿದರೆ ಗಂಟೆಯ ಹಾಗೆ ನುಡಿದವು.

"ಈಗ ನಿನ್ ಬಿಸಿನೀರು ಅಜ್ಜಿ," ಎಂದಳು ಮೊಮ್ಮಗಳು.

ಒಂದೊಂದಕ್ಕೆ ಒಂದೊಂದು ಫ್ಲಾಸ್ಕು ಹುಯ್ದು ಮುಚ್ಚಳ ಹಾಕಿದೆ. ಸಲೂನಿನ ಹಳೆಯ ಕುರ್ಚಿಯಲ್ಲಿ ಕೂತು ನೂರು ಎಣಿಸಲು ಶುರುಮಾಡಿದೆ. ಇಪ್ಪತ್ತರ ಹೊತ್ತಿಗೆ ನಮ್ಮ ಅಂಗಡಿಯ ಹಿಂದಿನ ಕಲ್ಲು ಹಾಸು ಕಣ್ಣಿಗೆ ಬಂತು. ಒದ್ದೆ ಕಲ್ಲಿನ ಮೇಲೆ ಸಾಲಾಗಿ ಬೋರಲು ಹಾಕಿದ ಕೊಳದಪ್ಪಲೆಗಳು, ಅವುಗಳಿಂದ ಏಳುವ ಹಬೆ. ಐವತ್ತರ ಹೊತ್ತಿಗೆ ಮೂಗು ತುಂಬ ತುಪ್ಪದ ವಾಸನೆ ಬಂದ ಹಾಗಾಯಿತು. ಎದ್ದೆ, ಬಂದೇಬಿಟ್ಟಿತು ಅಂದುಕೊಂಡೆ. ಗೀರಿನ ಕೆಗ್ಗಿನ ಮುಚ್ಚಳ ಎತ್ತಿ ಬಾಯಿಗೆ ಮೂಗಿಟ್ಟೆ. ಬಿಸಿ ಹತ್ತಿತು. ಮುಖ ಒದ್ದೆಯಾಯಿತು. ಅಷ್ಟೆ. ಹೊಳೆಯುವುದರದ್ದು ಎತ್ತಿದೆ. ಅದೂ ಬಿಸಿ, ಅದೂ ಒದ್ದೆ.

"ಏನ್ ಬರ್ತಿದೆ?" ಮೊಮ್ಮಗಳು ಪಕ್ಕದಲ್ಲಿ ನಿಂತಿದ್ದಳು. "ನನ್ ಮೂಗು ಪೂರ್ತಿ ಕಟ್ಟಿದೆ. ನೀನೇ ಹೇಳು."

ಗೊತ್ತಾಗುತ್ತಿಲ್ಲ ಎಂದರೆ ಸಂಜೆಯೊಳಗೆ ಅವಳಮ್ಮನಿಗೆ ತಿಳಿಯುತ್ತದೆ. ಮರುದಿನದಿಂದ ಬಾಲ್ಕನಿ ಕುರ್ಚಿ. ಅದು ನನಗೆ ಆ ಕ್ಷಣಕ್ಕೇ ಗೊತ್ತಿತ್ತು. ಪೂರ್ತಿ ಗೊತ್ತಿದ್ದೇ ಹೇಳಿದೆ. ಗೀರಿನದನ್ನು ತೋರಿಸಿ, "ಇದ್ರಲ್ಲಿ ಹಳೇ ಪಾಕ ಕೂತಿದೆ, ಬೇಡ," ಅಂದೆ. ಹೊಳೆಯುವುದನ್ನು ತೋರಿಸಿ, "ಇದು ಶುದ್ಧ," ಅಂದೆ.

"ಅಜ್ಜಿ ಸರ್ಟಿಫಿಕೇಟ್ ಕೊಟ್ಟಾಯ್ತು. ಪ್ಯಾಕ್ ಮಾಡಿ ಅಣ್ಣ."

ಕಣ್ಣಿನಲ್ಲಿ ಆರಿಸಿದೆ, ಮೂಗಿನ ಹೆಸರು ಹೇಳಿದೆ. ಅಂಗಡಿಯಲ್ಲಿದ್ದಾಗ ತೀರಾ ಹೊಳೆಯುವ ಪಾತ್ರೆ ವಾಪಸು ಬಂದರೆ ಮೊದಲು ಅದನ್ನೇ ಅನುಮಾನಿಸುತ್ತಿದ್ದೆ. ಯಾರೂ ಸುಮ್ಮನೆ ಅಷ್ಟು ತಿಕ್ಕುವುದಿಲ್ಲ. ಅವತ್ತು ಅದು ನೆನಪಿಗೆ ಬರಲಿಲ್ಲ.

ಮನೆಗೆ ತಂದು ಅವಳು ಸೋಡಾಪುಡಿ ಹಾಕಿ, ಬಿಸಿನೀರು ಹಾಕಿ, ಏನೋ ಔಷಧಿ ಹಾಕಿ ತೊಳೆದಳು. ರಾತ್ರಿಯಿಡೀ ಬೋರಲು ಹಾಕಿದ್ದಳು. ಬೆಳಿಗ್ಗೆ ಮೂಸಿ, "ಸ್ವಲ್ಪ ನಿಂಬೆಹಣ್ಣಿನ ಥರ ಬರ್ತಿದೆ ಅಲ್ವಾ ಅಜ್ಜಿ? ನನ್ ಔಷಧೀದೇ ಇರ್ಬೇಕು," ಅಂದಳು.

"ಇರ್ಬೇಕು," ಅಂದೆ.

ಅದು ಎರಡನೆಯ ಸುಳ್ಳು. ಮೊದಲನೆಯದಕ್ಕಿಂತ ಸುಲಭವಾಗಿ ಬಂತು.

ಶುಂಠಿ ಬಿಯರು ಕೆಗ್ಗಿಗೆ ಹೋಯಿತು, ಕೆಗ್ಗು ಫ್ರಿಜ್ಜಿಗೆ ಹೋಯಿತು. ಫ್ರಿಜ್ಜಿನ ಎರಡು ತಟ್ಟೆ ತೆಗೆಸಿದ್ದಕ್ಕೆ ಮಗಳು ಮೂರು ದಿನ ಗೊಣಗಿದಳು. ಭಾನುವಾರ ಸಂಜೆ ಮೊಮ್ಮಗಳು ತನ್ನ ಜೊತೆ ಕೆಲಸ ಮಾಡುವ ಇಬ್ಬರು ಹುಡುಗಿಯರನ್ನು ಕರೆದಳು. ಟೆರೇಸಿನಲ್ಲಿ ಚಾಪೆ ಹಾಸಿದ್ದಳು. ಕೆಗ್ಗನ್ನು ಮೇಲೆ ಹೊತ್ತು ತಂದು ಹತ್ತಿಯ ಸೀರೆಯೊಂದನ್ನು ಒದ್ದೆಮಾಡಿ ಸುತ್ತಿದ್ದಳು. ಆಕಾಶ ಕಿತ್ತಳೆ ಬಣ್ಣಕ್ಕೆ ತಿರುಗಿತ್ತು, ನೀರಿನ ಟ್ಯಾಂಕುಗಳ ಮೇಲೆಲ್ಲ ಪಾರಿವಾಳ ಕೂತಿದ್ದವು. ಕೆಗ್ಗಿಗೆ ಸಿಕ್ಕಿಸಿದ ನಲ್ಲಿ ಒತ್ತಿದರೆ ಲೋಟದ ಅರ್ಧಕ್ಕೂ ನೊರೆ. ಬೆಳ್ಳಗೆ, ದಟ್ಟಗೆ, ಒಡೆಯದೆ ನಿಂತಿತು. ಎಷ್ಟು ಚೆನ್ನಾಗಿದೆ ಅಂದುಕೊಂಡೆ.

ಮೊದಲ ಹುಡುಗಿ ಒಂದು ಗುಟುಕು ಕುಡಿದು ಲೋಟವನ್ನೇ ನೋಡಿದಳು.

"ಏನಾಯ್ತೇ?"

"ಏನಿಲ್ಲ ಮಗಾ... ಸೋಪು ಥರ ಇದೆ."

ಎರಡನೆಯವಳು ಟೆರೇಸಿನ ಮೂಲೆಗೆ ಹೋಗಿ ಉಗಿದು ಬಂದಳು. "ಸಾರಿ ಗುರು. ಬಾತ್‌ರೂಮ್ ತೊಳೆದ ನೀರು ಕುಡಿದಂಗಾಯ್ತು."

ಮೊಮ್ಮಗಳು ತಾನೂ ಕುಡಿದಳು. ಅವಳ ಮುಖ ಸಣ್ಣದಾಯಿತು. ನಾನು ನನ್ನ ಲೋಟ ಎತ್ತಿದೆ. ನಾಲಗೆಗೆ ಸಿಹಿ ಬಂತು, ಗಂಟಲಿಗೆ ಶುಂಠಿಯ ಉರಿ ಬಂತು, ತಣ್ಣಗಿತ್ತು. ನನಗೆ ಏನೂ ತಪ್ಪಿದೆ ಅನ್ನಿಸಲಿಲ್ಲ. ಪೂರ್ತಿ ಕುಡಿದುಬಿಟ್ಟೆ.

"ನೋಡೇ, ಅಜ್ಜಿ ಮೊಮ್ಮಗಳಿಗೋಸ್ಕರ ವಿಷಾನೂ ಕುಡೀತಾರೆ," ಎಂದಳು ಆ ಹುಡುಗಿ. ಎಲ್ಲರೂ ನಕ್ಕರು. ಮೊಮ್ಮಗಳು ನನ್ನನ್ನು ತಬ್ಬಿಕೊಂಡಳು. ನನಗೆ ಎಲ್ಲಿ ನೋಡಬೇಕೋ ತಿಳಿಯಲಿಲ್ಲ.

ಅವರು ಹೋದ ಮೇಲೆ ಕೆಗ್ಗನ್ನು ಬೋರಲು ಮಾಡಿದಳು. ಮಳೆನೀರಿನ ಕೊಳವೆಯಲ್ಲಿ ಅದೆಲ್ಲ ಕೆಳಗಿಳಿದು ರಸ್ತೆಯ ಪಕ್ಕದ ಮೋರಿಗೆ ಬಂತು. ನಾನು ಮೇಲಿನಿಂದ ನೋಡುತ್ತ ನಿಂತೆ. ನೊರೆ ಮೋರಿಯ ಕಲ್ಲಿನ ಮೇಲೆ ಉಬ್ಬಿ, ಹೊಂಗೆಯ ತರಗೆಲೆಗಳನ್ನು ಎತ್ತಿಕೊಂಡು ಮೆಲ್ಲಗೆ ತೇಲಿ ಹೋಯಿತು. ಬೀದಿದೀಪ ಹತ್ತಿದಾಗ ಅದಕ್ಕೂ ಬೆಳಕು ಬಂತು. ಅವಳ ಒಂದು ತಿಂಗಳ ಕೆಲಸ ಅದು. ನೋಡಲು ಚೆಂದವಿತ್ತು, ಅದಕ್ಕೇನು ಮಾಡಲಿ.

ಅವಳಿಗೊಂದು ಪುಸ್ತಕವಿದೆ, ಪ್ರತಿ ಸಲ ಏನು ಹಾಕಿದೆ, ಎಷ್ಟು ಹಾಕಿದೆ ಎಂದು ಬರೆಯುತ್ತಾಳೆ. ಆ ಸಂಜೆ ಬರೆದದ್ದನ್ನು ನನಗೆ ಓದಿ ಹೇಳಿದಳು: ತೊಳೆದದ್ದು ಸಾಲದು, ತಪ್ಪು ನನ್ನದು. ಕೆಳಗೆ ಎರಡು ಗೆರೆ ಎಳೆದಿದ್ದಳು.

"ಶುಂಠಿ ಹಳೇದಿತ್ತೇನೋ," ಅಂದೆ.

"ಇಲ್ಲ ಅಜ್ಜಿ. ನಂಗೆ ಶಿಸ್ತಿಲ್ಲ. ಅಮ್ಮ ಹೇಳೋದು ಸರಿ. ನಿನ್ನಷ್ಟು ಪರ್ಫೆಕ್ಟಾಗಿ ಕೆಲಸ ಮಾಡಕ್ಕೆ ಬರಲ್ಲ ನಂಗೆ."

ಸೋಮವಾರ ಹೋಯಿತು, ಮಂಗಳವಾರ ಹೋಯಿತು. ಮಧ್ಯಾಹ್ನ ಮಲಗಿದರೆ ಕನಸಿನಲ್ಲೂ ವಾಸನೆ ಬರಲಿಲ್ಲ. ಪಾತ್ರೆಗಳು ಬಂದವು, ಹಬೆ ಬಂತು, ಯಜಮಾನರು "ನಮ್ಮನೆಯವರು ನೋಡ್ಲಿ" ಎಂದು ಗಿರಾಕಿಗೆ ಹೇಳುವುದೂ ಕೇಳಿಸಿತು. ನಾನು ತಟ್ಟೆ ಎತ್ತಿ ಮೂಗಿಟ್ಟರೆ ಒಳಗೆ ಬರೀ ಬಿಸಿ. ಗಿರಾಕಿ ಕಾಯುತ್ತ ನಿಂತಿದ್ದ. ಎದ್ದು ಕೂತು ನೀರು ಕುಡಿದೆ.

ಬುಧವಾರ ಸಂಜೆ ಮೊಮ್ಮಗಳು ಇನ್ನೊಂದು ಡ್ರಮ್ಮು ಶುಂಠಿ ಬಿಯರನ್ನು ತುಂಬಿಸಲು ಕೂತಳು. ಅದನ್ನು ಮೊದಲೇ ಹುದುಗಿಗೆ ಬಿಟ್ಟಿದ್ದಳು. ಕೆಗ್ಗನ್ನು ಮತ್ತೆ ಮೂರು ಸಲ ತೊಳೆದು ಅಡುಗೆಮನೆಯ ನೆಲದ ಮೇಲೆ ಇಟ್ಟಿದ್ದಳು. ತೊಳೆದು ತೊಳೆದು ಅವಳ ಬೆರಳು ಸುಕ್ಕುಗಟ್ಟಿತ್ತು. ಮಗಳು ಕಟ್ಟೆಯ ಹತ್ತಿರ ಅವರೆಕಾಳು ಹಿಚುಕುತ್ತಿದ್ದಳು. ನಾನು ಒಲೆಯ ಮುಂದೆ ಇದ್ದೆ.

"ಅಜ್ಜಿ, ಇಲ್ಬಾ. ತುಂಬೋ ಮುಂಚೆ ನೀನೊಂದ್ಸಲ ನೋಡ್ಬಿಡು. ನಂಗೆ ಇನ್ನೂ ನಿಂಬೆ ಥರನೇ ಬರ್ತಿದೆ, ಅದು ನನ್ ಭ್ರಮೆನೋ ಏನೋ. ನೀನು ಸರಿ ಅಂದ್ರೆ ತುಂಬ್ತೀನಿ. ಈ ಸಲಾನೂ ಕೆಟ್ರೆ ಎಲ್ಲಾ ಮಾರ್ಬಿಡ್ತೀನಿ."

ಮುಚ್ಚಳವನ್ನು ನನ್ನ ಮುಖದ ಹತ್ತಿರ ಹಿಡಿದಳು. ವಾಸನೆ ಇದೆ ಅನ್ನಬಹುದಿತ್ತು, ಇಲ್ಲ ಅನ್ನಬಹುದಿತ್ತು. ಇದೆ ಅಂದಿದ್ದರೆ ಯಾರಿಗೂ ಏನೂ ತಿಳಿಯುತ್ತಲೂ ಇರಲಿಲ್ಲ, ಒಲೆಯೂ ಉಳಿಯುತ್ತಿತ್ತು. ಆದರೆ ಅವಳು ಇನ್ನೊಂದು ಕೆಗ್ಗು ತರುತ್ತಾಳೆ, ಮತ್ತೆ ನನ್ನ ಮುಂದೆ ಹಿಡಿಯುತ್ತಾಳೆ. ಎಷ್ಟು ದಿನ ಅಂತ?

ಒಲೆ ಆರಿಸಿದೆ.

"ನಂಗೆ ಗೊತ್ತಾಗಲ್ಲ," ಅಂದೆ.

"ಅಂದ್ರೆ?"

"ಅಂದ್ರೆ ವಾಸ್ನೆ ಬರಲ್ಲ. ಜ್ವರದಲ್ಲಿ ಹೋಗಿದ್ದು ಬರ್ಲೇ ಇಲ್ಲ. ಗುಜರೀಲೂ ಬರ್ಲಿಲ್ಲ. ಕೆಗ್ಗು ಹೊಳೀತಿತ್ತು, ಅದಕ್ಕೆ ಹೇಳ್ದೆ."

ಮಗಳ ಕೈ ಅವರೆಕಾಳಿನಲ್ಲೇ ನಿಂತಿತು.

"ಅವತ್ತು ಇಂಗು ಅಂದ್ಯಲ್ಲಮ್ಮ?"

"ಡಬ್ಬಿ ಕಾಣ್ತಿತ್ತು."

"ಎರಡು ವರ್ಷ! ಎರಡು ವರ್ಷ ಹಿಂಗೇ ಗ್ಯಾಸ್ ಮುಂದೆ ನಿಂತಿದ್ದೀಯಾ?"

"ನಿಂತಿದೀನಿ. ಯಾವತ್ತಾದ್ರೂ ಸೀದಿದೆಯಾ ಏನಾದ್ರೂ?"

"ಸೀಯೋದಲ್ಲಮ್ಮ! ಮನೆಯೆಲ್ಲಾ ಹೋಗ್ತಿತ್ತು!"

ಅವಳು ಕೈ ಒರೆಸಿಕೊಂಡು ಬಂದು ಮುಚ್ಚಳದ ಸುತ್ತ ಇದ್ದ ದಪ್ಪ ರಬ್ಬರನ್ನು ಮೂಗಿಗೆ ಹಿಡಿದಳು. ಒಂದೇ ಉಸಿರು ಸಾಕಾಯಿತು.

"ಇದು ಕಾರು ತೊಳೆಯೋ ಶಾಂಪೂ. ನಮ್ಮಾಫೀಸ್ ಎದುರಿಗಿರೋ ವಾಟರ್ ಸರ್ವಿಸಲ್ಲಿ ದಿನಾ ಇದೇ ವಾಸ್ನೆ."

ಮೊಮ್ಮಗಳು ಅಲ್ಲೇ ನಿಂತು ಗುಜರಿಯವನಿಗೆ ಫೋನು ಮಾಡಿದಳು. ಮೂರು ಕೆಗ್ಗು ಹೋಟೆಲಿನದ್ದಂತೆ, ಹೊಳೆಯುವುದೊಂದು ಮಾತ್ರ ಕಾರು ತೊಳೆಯುವವರ ಹತ್ತಿರ ಬಂದದ್ದಂತೆ. ಅದರಲ್ಲಿ ಅವರು ನೊರೆ ತುಂಬಿಡುತ್ತಿದ್ದರಂತೆ. "ಅಜ್ಜಿ ಓಕೆ ಅಂದ್ರಲ್ಲ ಮೇಡಂ, ಅದಕ್ಕೆ ನಾನ್ ಹೇಳ್ಲಿಲ್ಲ," ಎಂದನಂತೆ. ತೊಳೆದ ಸ್ಟೀಲು ಶುದ್ಧವಾಗಿತ್ತು. ರಬ್ಬರು ಹಿಡಿದದ್ದನ್ನು ಬಿಟ್ಟಿರಲಿಲ್ಲ.

ಫೋನು ಇಟ್ಟು ಅವಳು ನನ್ನ ಕಡೆ ತಿರುಗಿದಳು.

"ಭಾನುವಾರ ನಿಂಗೆ ಗೊತ್ತಿತ್ತಾ?"

"ನನ್ನಿಂದ್ಲೇ ಅಂತ ಗೊತ್ತಿತ್ತು."

"ನಾನು ತಪ್ಪು ನಂದು ಅಂತ ಬರೆದು ನಿಂಗೇ ಓದಿದ್ನಲ್ಲ ಅಜ್ಜಿ. ಶುಂಠಿ ಹಳೇದು ಅಂದೆ ನೀನು."

"ಅಂದೆ."

ಅಳುತ್ತಾಳೆ ಅಂದುಕೊಂಡೆ, ಅಳಲಿಲ್ಲ. ಡ್ರಮ್ಮಿಗೆ ಮುಚ್ಚಳ ಹಾಕಿ, ಕೋಣೆಗೆ ಹೋಗಿ ಬಾಗಿಲು ಮುಚ್ಚಿಕೊಂಡಳು. ಮಗಳು ಒಲೆಯ ಪಕ್ಕದ ಲೈಟರು ತೆಗೆದುಕೊಂಡು ಹೋದಳು. ಅರ್ಧ ಬೆಂದ ಸಾರನ್ನು ಅವಳೇ ಬಂದು ಮುಗಿಸಿದಳು. ಅದನ್ನೇ ಉಂಡೆವು. ನನಗೆ ಮನಸ್ಸು ಹಗುರವಾಗಿತ್ತು ಎಂದು ಹೇಳಿದರೆ ಅದೂ ಸುಳ್ಳಾಗುತ್ತದೆ. ಕೆಟ್ಟದಾಗಿತ್ತು.

ಮರುದಿನ ಬೆಳಿಗ್ಗೆ ಐದಕ್ಕೇ ಎಚ್ಚರವಾಯಿತು. ಅಡುಗೆಮನೆಗೆ ಹೋಗಲಿಲ್ಲ. ಕೆಗ್ಗನ್ನು ಹಿಂದಿನ ಬಚ್ಚಲಿಗೆ ಎಳೆದುಕೊಂಡು ಹೋಗಿ ಕಾಲುಮಣೆ ಹಾಕಿಕೊಂಡು ಕೂತೆ. ಮುಚ್ಚಳ ಒಳಗೆ ಒತ್ತಿ, ಓರೆ ಮಾಡಿ, ಹೊರಗೆ ತೆಗೆದೆ. ದಪ್ಪ ರಬ್ಬರು ಸುಲಭವಾಗಿ ಬಂತು. ಎರಡು ತೂತುಗಳ ಕಟ್ಟು ಬಿಚ್ಚಲು ಮೊಮ್ಮಗಳ ಸ್ಪ್ಯಾನರು ಬೇಕಾಯಿತು. ಒಳಗಿನ ಸಣ್ಣ ಸಣ್ಣ ರಬ್ಬರುಗಳನ್ನು ತಲೆಯ ಪಿನ್ನಿನಿಂದ ಎಬ್ಬಿಸಿದೆ. ಕೈಗೆ ಜಾರುತ್ತಿದ್ದವು. ಮೇಲೆ ಟ್ಯಾಂಕಿಗೆ ನೀರು ಬೀಳುತ್ತಿತ್ತು, ಕಿಟಕಿಯಲ್ಲಿ ಕತ್ತಲೆ ಬೂದಿಯಾಗಿ, ಬೂದಿ ಬೆಳ್ಳಗಾಗಿ ಬಂತು. ಆರೂವರೆಗೆ ಮಗಳು ಎದ್ದು ಕಾಫಿ ಮಾಡಿ ತಂದಿಟ್ಟಳು.

"ಡಿಕಾಕ್ಷನ್ ಸಾಲ್ದು," ಅಂದೆ. ಬಣ್ಣ ನೋಡಿದರೇ ತಿಳಿಯುತ್ತಿತ್ತು.

"ನಿಂಗೆ ಹೆಂಗೂ ಗೊತ್ತಾಗಲ್ಲ, ಕುಡಿ," ಎಂದು ಹೋದಳು.

ಕುಡಿದೆ. ಸ್ನಾನ ಮಾಡಿ, ರಬ್ಬರುಗಳನ್ನೆಲ್ಲ ಪೇಪರಿನಲ್ಲಿ ಸುತ್ತಿಕೊಂಡು, ಅಂಗಡಿ ತೆರೆಯುವ ಹೊತ್ತಿಗೆ ಮೇನ್ ರೋಡಿಗೆ ನಡೆದೆ. ನಲ್ಲಿ, ಪೈಪು ಮಾರುವ ಅಂಗಡಿಯವನು ಪೇಪರು ಬಿಚ್ಚಿ ಹಿಂದಕ್ಕೆ ಸರಿದ.

"ಏನಮ್ಮ ಇದು, ಇಷ್ಟು ಶಾಂಪೂ ವಾಸ್ನೆ?"

"ನಂಗೆ ವಾಸ್ನೆ ಬರಲ್ಲಪ್ಪ," ಅಂದೆ. "ಇದೇ ಅಳತೆದು, ಕುಡಿಯೋ ನೀರಿಗೆ ಹಾಕೋ ರಬ್ಬರು ಬೇಕು. ನೀನೇ ಒಂದೊಂದೂ ಮೂಸಿ ಕೊಡು."